ಎದುರು ಕುರ್ಚಿಯಲ್ಲಿ ಕೂತವರು

ವಯಸ್ಸಾದ ನಾಲ್ಕು ಜನ ಒಂದೆಡೆ ಕೂತರೆ ಮಾತು ಹೇಗೋ ಹೋಟೆಲಿನ ಕಡೆಗೆ ಹೊರಳುತ್ತದೆ. ಒಬ್ಬರು ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮಸಾಲೆ ದೋಸೆಯನ್ನು ನೆನೆಯುತ್ತಾರೆ, ಇನ್ನೊಬ್ಬರು ಮಲ್ಲೇಶ್ವರದ ಸಿ.ಟಿ.ಆರ್. ಎನ್ನುತ್ತಾರೆ. ಉಡುಪಿಯವರಿಗೆ ಮಿತ್ರ ಸಮಾಜದ ಗೋಳಿಬಜೆ, ಧಾರವಾಡದಲ್ಲಿ ಓದಿದವರಿಗೆ ಖಾನಾವಳಿಯ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹೆಸರುಗಳು ಬೇರೆ, ಊರುಗಳು ಬೇರೆ. ಮಾತಿನ ಕೊನೆಗೆ ಬರುವ ನಿಟ್ಟುಸಿರು ಮಾತ್ರ ಒಂದೇ. ಆ ರುಚಿ ಈಗ ಎಲ್ಲಿದೆ?

ಕೇಳುವಾಗಲೇ ಉತ್ತರವನ್ನೂ ನಾವು ನಿಶ್ಚಯಿಸಿಕೊಂಡಿರುತ್ತೇವೆ, ಎಲ್ಲೂ ಇಲ್ಲ ಎಂದು. ಆದರೆ ಸ್ವಲ್ಪ ನಿಂತು ನೋಡೋಣ. ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ, ಸುತ್ತಲಿನ ಶಾಲೆಗಳ ಹುಡುಗರಿಗಾಗಿ. ಇಂದಿಗೂ ಅದು ಗಾಂಧಿ ಬಜಾರಿನಲ್ಲೇ ಇದೆ. ಭಾನುವಾರ ಬೆಳಿಗ್ಗೆ ಅದರ ಮುಂದೆ ಜನ ಸರದಿಗಾಗಿ ಕಾಯುತ್ತಾರೆ. ಬಡಿಸುವವರು ತಟ್ಟೆಗಳನ್ನು ತೋಳಿನ ಮೇಲೆ ಸಾಲಾಗಿ ಏರಿಸಿಕೊಂಡು ಅಂದಿನ ಹಾಗೆಯೇ ಬರುತ್ತಾರೆ. ದೋಸೆ ಅಲ್ಲಿದೆ. ತುಪ್ಪವೂ ಇದೆ, ಚಟ್ನಿಯೂ ಇದೆ. ಹಾಗಾದರೆ ನಾವು ಕಳೆದುಕೊಂಡೆವು ಎನ್ನುವುದು ಯಾವುದನ್ನು? ದೋಸೆಯನ್ನೇ, ಅಥವಾ ದೋಸೆಯ ಮುಂದೆ ಕೂತಿದ್ದ ನಮ್ಮನ್ನೇ?

ಆ ವಯಸ್ಸಿನ ಹಸಿವನ್ನು ಮೊದಲು ನೆನೆಯಬೇಕು. ಹಾಸ್ಟೆಲಿನಲ್ಲಿಯೋ ಬಂಧುಗಳ ಮನೆಯಲ್ಲಿಯೋ ಇದ್ದುಕೊಂಡು ಓದುತ್ತಿದ್ದ ನಮಗೆ ಹಸಿವು ಯಾವಾಗಲೂ ಕಾಸಿಗಿಂತ ಮುಂದಿರುತ್ತಿತ್ತು. ತಿಂಗಳ ಮೊದಲ ವಾರ ಮನಿಯಾರ್ಡರ್ ಬಂದಾಗ ಮಸಾಲೆ ದೋಸೆ, ನಡುವಿನಲ್ಲಿ ಖಾಲಿ ದೋಸೆ, ಕೊನೆಗೆ ಬರಿಯ ಬೈ ಟು ಕಾಫಿ. ಅರ್ಧ ಲೋಟ ಕಾಫಿ ಕುಡಿಯಲು ಎಷ್ಟು ಹೊತ್ತು ಬೇಕು? ನಾವು ಒಂದು ಗಂಟೆ ಕೂರುತ್ತಿದ್ದೆವು. ಗಲ್ಲಾದ ಮೇಲೆ ಕೂತ ಯಜಮಾನರು ಒಮ್ಮೆ ನೋಡಿ ಸುಮ್ಮನಾಗುತ್ತಿದ್ದರು. ಆ ಸುಮ್ಮನಿರುವಿಕೆಯ ಬೆಲೆ ನಮಗೆ ಆಗ ತಿಳಿಯಲಿಲ್ಲ. ಮನೆಯಲ್ಲಿ ನಮಗೆ ಸ್ವಂತದ್ದೆನ್ನುವ ಮೂಲೆಯಿರಲಿಲ್ಲ, ಕಾಲೇಜಿನಲ್ಲಿ ಗಂಟೆ ಬಡಿಯುತ್ತಿತ್ತು, ಲೈಬ್ರರಿಯಲ್ಲಿ ಮಾತಾಡುವಂತಿರಲಿಲ್ಲ. ದೇಶ, ದೇವರು, ಸಿನಿಮಾ, ಪ್ರೇಮ, ಮುಂದೇನು ಎಂಬ ಭಯ, ಇವೆಲ್ಲವನ್ನೂ ಹರವಿಕೊಂಡು ಕೂರಲು ಒಂದು ಕಲ್ಲುಹಾಸಿನ ಮೇಜು ಬೇಕಿತ್ತು. ಹೋಟೆಲಿನವರು ಮಾರಿದ್ದು ಕಾಫಿಯನ್ನು. ನಾವು ಕೊಂಡದ್ದು ಹೊತ್ತನ್ನು. ಇಂದು ಬೇಕಾದಷ್ಟು ಕಾಫಿ ಕೊಳ್ಳುವ ಶಕ್ತಿ ಬಂದಿದೆ. ಒಂದು ಗಂಟೆ ಕೂತು ಕೇಳುವ ಗೆಳೆಯ ಯಾವ ಬೆಲೆಗೆ ಸಿಗುತ್ತಾನೆ?

ಇದು ಹಸಿವು ಮತ್ತು ಸ್ನೇಹದ ಮಾತಾಯಿತು. ಇದಕ್ಕಿಂತ ಆಳದ್ದೊಂದು ಸಂಗತಿಯನ್ನು ಹೋಟೆಲು ನಮಗೆ ಸದ್ದಿಲ್ಲದೆ ಕಲಿಸಿತು ಎಂದು ನನಗೆ ಈಚಿನ ವರ್ಷಗಳಲ್ಲಿ ಅನ್ನಿಸುತ್ತಿದೆ. ಮನೆಯ ಊಟದಲ್ಲಿ ಎಲ್ಲರ ಜಾಗ ಮೊದಲೇ ಗೊತ್ತಾಗಿರುತ್ತಿತ್ತು. ಯಾರ ಪಕ್ಕ ಯಾರು, ಯಾರಿಗೆ ಮೊದಲು ಬಡಿಸಬೇಕು, ಯಾರು ಕೊನೆಗೆ ಉಣ್ಣಬೇಕು, ಎಲ್ಲವೂ ಹುಟ್ಟಿನಿಂದ ನಿಶ್ಚಯವಾದದ್ದು. ಮದುವೆಮನೆಯ ಪಂಕ್ತಿಯಲ್ಲೂ ಅಷ್ಟೇ. ಹೋಟೆಲಿನಲ್ಲಿ ಮಾತ್ರ ಖಾಲಿ ಕುರ್ಚಿ ಯಾರ ಹೆಸರಿನಲ್ಲೂ ಇರುತ್ತಿರಲಿಲ್ಲ. ಜನ ಹೆಚ್ಚಿದ ಹೊತ್ತಿನಲ್ಲಿ ನಮ್ಮ ಮೇಜಿಗೇ ಯಾರೋ ಬಂದು ಕೂರುತ್ತಿದ್ದರು. ಕೋರ್ಟಿಗೆ ಬಂದ ರೈತ, ಬಿನ್ನಿ ಮಿಲ್ಲಿನ ಕೆಲಸಗಾರ, ಮಗಳಿಗೆ ಗಂಡು ನೋಡಿ ಹಿಂತಿರುಗುತ್ತಿದ್ದ ಮೇಷ್ಟರು. ಅವರಿಗೆ ಜಾಗ ಮಾಡಿಕೊಡಲು ನಾವು ನಮ್ಮ ಲೋಟವನ್ನು ಇತ್ತ ಸರಿಸುತ್ತಿದ್ದೆವು, ಅವರು ನೀರಿನ ಜಗ್ಗನ್ನು ನಮ್ಮತ್ತ ತಳ್ಳುತ್ತಿದ್ದರು. ಹೆಸರು ಕೇಳುತ್ತಿರಲಿಲ್ಲ, ಯಾವ ಜನ ಎಂದೂ ಕೇಳುತ್ತಿರಲಿಲ್ಲ. ಗೋಡೆಯ ಕಪ್ಪುಹಲಗೆಯಲ್ಲಿ ಬರೆದ ಬೆಲೆ ಇಬ್ಬರಿಗೂ ಒಂದೇ. ಅಪರಿಚಿತನೊಬ್ಬನ ಎದುರು ಬಾಯಿ ತೆರೆದು ಉಣ್ಣುವುದು ಸಣ್ಣ ಸಂಗತಿಯೇ? ನಮ್ಮಂಥ ಸಮಾಜದಲ್ಲಿ ಅದಕ್ಕೆ ನೂರಾರು ವರ್ಷ ಬೇಕಾಯಿತು.

ಹೀಗೆ ಹೇಳುತ್ತಲೇ ಮನಸ್ಸು ಅಳುಕುತ್ತದೆ. ಆ ಕುರ್ಚಿ ಯಾರ ಹೆಸರಿನಲ್ಲೂ ಇರಲಿಲ್ಲ ಎನ್ನುವುದು ಪೂರ್ತಿ ಸತ್ಯವೇ? ನಮ್ಮ ಹಿರಿಯರ ಕಾಲದ ಹೋಟೆಲುಗಳ ಫಲಕವನ್ನು ಓದಿದರೆ ಸಾಕು. ಇಂದು ಎಂ.ಟಿ.ಆರ್. ಎಂದು ಜಗತ್ತೇ ಬಲ್ಲ ಹೋಟೆಲು 1924ರಲ್ಲಿ ಆರಂಭವಾದದ್ದು ಬ್ರಾಹ್ಮಣರ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ. ಮಾವಳ್ಳಿ ಟಿಫಿನ್ ರೂಮ್ಸ್ ಆದದ್ದು 1960ರಲ್ಲಿ. ಅದೊಂದೇ ಅಲ್ಲ, ಅಂದಿನ ಅನೇಕ ಫಲಕಗಳು ಹೀಗೆಯೇ ಇದ್ದವು. ಉತ್ತರದ ಊರುಗಳಲ್ಲಿ ಲಿಂಗಾಯತ ಖಾನಾವಳಿ, ದಕ್ಷಿಣದಲ್ಲಿ ಬ್ರಾಹ್ಮಣರ ಫಲಾಹಾರ ಮಂದಿರ, ಮಾಂಸದೂಟಕ್ಕೆ ಮಿಲಿಟರಿ ಹೋಟೆಲು. ಎಷ್ಟೋ ಹೋಟೆಲುಗಳ ಒಳಗೆ ಒಂದು ಗೋಡೆ, ಆ ಗೋಡೆಯ ಆಚೆಗೆ ಬೇರೆಯ ಸಾಲು. ಇನ್ನು ಹಳ್ಳಿಯ ಚಹಾದಂಗಡಿಗಳಲ್ಲಿ ಆ ಗೋಡೆಯ ಕೆಲಸವನ್ನು ಒಂದು ಲೋಟ ಮಾಡುತ್ತಿತ್ತು. ಎಲ್ಲರಿಗೂ ಒಳಗಿನ ಲೋಟ. ಕೆಲವರಿಗೆ ಮಾತ್ರ ಹೊರಗೆ ಮಾಡಿಗೆ ಸಿಕ್ಕಿಸಿಟ್ಟ ಲೋಟ, ಕುಡಿದ ಮೇಲೆ ತಾವೇ ತೊಳೆದು ಮತ್ತೆ ಅಲ್ಲಿಯೇ ಸಿಕ್ಕಿಸಬೇಕು.

ಸಂವಿಧಾನದ 15ನೇ ವಿಧಿಯನ್ನು ಓದುವಾಗಲೆಲ್ಲ ನಾನು ಒಂದು ಕಡೆ ನಿಲ್ಲುತ್ತೇನೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಯಾವ ಪ್ರಜೆಯನ್ನೂ ಯಾವ ಯಾವ ಜಾಗದಿಂದ ತಡೆಯಬಾರದು ಎಂದು ಅದು ಹೇಳುತ್ತದೆ. ಅಲ್ಲಿ ಅಂಗಡಿ ಇದೆ, ಉಪಾಹಾರ ಗೃಹ ಇದೆ, ಹೋಟೆಲು ಇದೆ; ಅದರ ಬೆನ್ನಿಗೇ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ರಾಷ್ಟ್ರವೊಂದು ತನ್ನ ಮೂಲ ಹಕ್ಕುಗಳನ್ನು ಬರೆದುಕೊಳ್ಳುವಾಗ ತಿಂಡಿ ತಿನ್ನುವ ಜಾಗವನ್ನು ಹೆಸರಿಸಿತು ಎಂದರೆ ಏನರ್ಥ? ನೀರು ಕುಡಿಯುವ ಹಕ್ಕು, ದಾರಿಯಲ್ಲಿ ನಡೆಯುವ ಹಕ್ಕು, ಇನ್ನೊಬ್ಬನ ಎದುರು ಕೂತು ಉಣ್ಣುವ ಹಕ್ಕು, ಇವು ಒಂದೇ ಸಾಲಿನವು ಎಂದು ಸಂವಿಧಾನ ಬರೆದ ಹಿರಿಯರಿಗೆ ತಿಳಿದಿತ್ತು. ಅಂಬೇಡ್ಕರರಿಗೆ ಅದು ಪುಸ್ತಕದಿಂದ ತಿಳಿದ ವಿಷಯವಾಗಿರಲಿಲ್ಲ. 1955ರಲ್ಲಿ ಅಸ್ಪೃಶ್ಯತೆಯನ್ನು ಶಿಕ್ಷಿಸುವ ಕಾನೂನು ಬಂತು. ಆಮೇಲೂ ಲೋಟ ಮಾಡಿನಲ್ಲಿಯೇ ಉಳಿದ ಊರುಗಳು ಎಷ್ಟೋ. ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು 1970ರ ದಶಕದಿಂದೀಚೆಗೆ ಇಂಥ ಅಂಗಡಿಗಳ ಎದುರು ನಿಂತು ಕೇಳಿದರು, ನಮಗೂ ಒಳಗಿನ ಲೋಟದಲ್ಲಿಯೇ ಕೊಡಿ ಎಂದು. ನಾವು ಪೇಟೆಯಲ್ಲಿ ಬೈ ಟು ಕುಡಿಯುತ್ತ ಸಮತೆಯ ಬಗ್ಗೆ ಮಾತಾಡುತ್ತಿದ್ದ ವರ್ಷಗಳವು. ನಮ್ಮ ವಯಸ್ಸಿನವರೇ ಆದ ಅವರಿಗೆ ಒಂದು ಲೋಟ ಚಹಾಕ್ಕಾಗಿ ಏಟು ತಿನ್ನುವ ಸಂದರ್ಭವೂ ಬಂತು.

ಇದನ್ನು ಹೇಳುವುದು ಸವಿನೆನಪಿಗೆ ಕಹಿ ಬೆರೆಸಲೆಂದಲ್ಲ. ನೆನಪು ನಮ್ಮದು ಎನ್ನುತ್ತೇವಲ್ಲ, ಆ ನಮ್ಮದು ಎಂಬುದರೊಳಗೆ ಯಾರು ಯಾರಿದ್ದಾರೆ ಎಂದು ಎಣಿಸಿ ನೋಡಬೇಡವೇ? ಅದೇ ಬೀದಿಯ, ಅದೇ ವರ್ಷದ, ಅದೇ ಹೋಟೆಲಿನ ನೆನಪು ಇನ್ನೊಬ್ಬರಿಗೆ ಹೊಸ್ತಿಲ ಆಚೆಯದಾಗಿರಬಹುದು. ಎರಡನ್ನೂ ಕೂಡಿಸಿ ನೆನೆದಾಗಲೇ ಆ ಊರು ಪೂರ್ತಿ ನೆನಪಾಗುತ್ತದೆ.

ಹೊಸ್ತಿಲ ಆಚೆಗಿದ್ದವರು ನಮ್ಮ ಮನೆಯೊಳಗೂ ಇದ್ದರು. ನಮ್ಮ ತಾಯಂದಿರು ಹೋಟೆಲಿನಲ್ಲಿ ಕೂತು ತಿಂದದ್ದನ್ನು ನಾವೆಷ್ಟು ಜನ ಕಂಡಿದ್ದೇವೆ? ಪರದೆ ಎಳೆದ ಫ್ಯಾಮಿಲಿ ರೂಮು ಇತ್ತು, ನಿಜ. ಜಾತ್ರೆಗೋ ಮದುವೆಯ ಜವಳಿಗೋ ಪೇಟೆಗೆ ಬಂದ ದಿನ ಆ ಮರದ ಗೂಡಿನೊಳಗೆ ಹೆಂಗಸರು ಆತುರವಾಗಿ ಕಾಫಿ ಕುಡಿದು ಏಳುತ್ತಿದ್ದರು. ಉಳಿದ ದಿನಗಳಲ್ಲಿ ಹೋಟೆಲು ಅವರಿಗೆ ತಲುಪುತ್ತಿದ್ದುದು ಪೊಟ್ಟಣದ ರೂಪದಲ್ಲಿ. ಬಾಳೆಲೆ, ಅದರ ಮೇಲೆ ಹಳೆಯ ಪೇಪರು, ಮೇಲಿಂದ ನೂಲು. ಅಪ್ಪ ತಂದ ಮಸಾಲೆ ದೋಸೆ ದಾರಿಯಲ್ಲೇ ಮೆತ್ತಗಾಗಿ, ಆಲೂಗಡ್ಡೆ ಪಲ್ಯ ಎಲೆಗೆ ಅಂಟಿಕೊಂಡಿರುತ್ತಿತ್ತು. ಅಮ್ಮ ಮಕ್ಕಳಿಗೆಲ್ಲ ಹಂಚಿ ಕೊನೆಯ ಚೂರನ್ನು ಬಾಯಿಗೆ ಹಾಕಿಕೊಂಡು, ಬೇಳೆ ಸ್ವಲ್ಪ ಜಾಸ್ತಿಯಾಗಿದೆ, ಮೆಂತ್ಯ ಹಾಕಿದ್ದಾರೆ ಎಂದು ಹಿಟ್ಟಿನ ಲೆಕ್ಕವನ್ನು ನಾಲಿಗೆಯಿಂದಲೇ ಬಿಡಿಸುತ್ತಿದ್ದಳು. ಅಷ್ಟು ಬಲ್ಲವಳಿಗೆ ಹೆಂಚಿನಿಂದ ಆಗ ತಾನೇ ಎತ್ತಿದ ಗರಿಗರಿ ದೋಸೆ ಎಂದೂ ಸಿಗಲಿಲ್ಲ. ಅವಳ ಕೈ ಅಡುಗೆಯನ್ನು ಹೊಗಳುತ್ತ ನಾವು ಇಡೀ ಆಯುಸ್ಸು ಕಳೆದೆವು. ಅವಳೂ ಯಾರೋ ಮಾಡಿ ಬಡಿಸಿದ್ದನ್ನು ಕೂತು ತಿನ್ನಬೇಕು ಎಂದು ನಮಗೆ ಏಕೆ ತೋಚಲಿಲ್ಲ? ಈಗ ಹೋಟೆಲುಗಳಲ್ಲಿ ಗೆಳತಿಯರು ನಾಲ್ಕೈದು ಜನ ಬಂದು ನಡುಮೇಜಿನಲ್ಲೇ ಕೂತು ಗಟ್ಟಿಯಾಗಿ ನಗುವುದನ್ನು ಕಂಡರೆ ನನಗೆ ಆನಂದವಾಗುತ್ತದೆ. ನಮ್ಮ ಕಾಲವೇ ಚೆನ್ನಾಗಿತ್ತು ಎನ್ನುವವರು ಆ ನಗುವನ್ನು ಒಮ್ಮೆ ಕೇಳಬೇಕು.

ಮೇಜಿನ ಬಳಿ ಇದ್ದೂ ನಮ್ಮ ನೆನಪಿನಲ್ಲಿ ಇಲ್ಲದವನು ಇನ್ನೊಬ್ಬನಿದ್ದಾನೆ, ಮೇಜು ಒರೆಸುತ್ತಿದ್ದ ಹುಡುಗ. ದೋಸೆಯ ಬಣ್ಣ ನಮಗೆ ನೆನಪಿದೆ, ಅವನ ಮುಖ ನೆನಪಿಲ್ಲ. ತೊಟ್ಟಿಯ ನೀರಿನಲ್ಲಿ ಲೋಟ ತೊಳೆದು ತೊಳೆದು ಬೆರಳಸಂದು ಬಿಳಿಚಿಕೊಂಡ ಆ ಮಾಣಿಗೆ ಹತ್ತೋ ಹನ್ನೆರಡೋ ವರ್ಷ. ಕುಂದಾಪುರ, ಉಡುಪಿ, ಕಾರ್ಕಳದ ಹಳ್ಳಿಗಳಿಂದ ಯಾರದೋ ಕೈಹಿಡಿದು ಹೊರಟ ಇಂಥ ಹುಡುಗರು ಬೆಂಗಳೂರಿಗೆ ಬಂದರು, ಮದರಾಸಿಗೆ ಹೋದರು, ಮುಂಬಯಿಯ ಕೋಟೆ ಪ್ರದೇಶಕ್ಕೆ, ಮಾಟುಂಗಕ್ಕೆ ಹೋದರು. ಘಟ್ಟದ ಕೆಳಗಿನ ಬಡತನವೇ ಅವರ ಟಿಕೀಟು. ಉಡುಪಿ ಹೋಟೆಲು ಎಂದು ದೇಶವೆಲ್ಲ ಕೊಂಡಾಡುವ ಶುಚಿ ರುಚಿಗಳ ಅಡಿಯಲ್ಲಿ ಆ ಮಕ್ಕಳ ನಿದ್ದೆಗೆಟ್ಟ ರಾತ್ರಿಗಳಿವೆ. ಹೋಟೆಲು ಮುಚ್ಚಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಅದರ ಮೇಲೆ ಮಲಗುತ್ತಿದ್ದರು.

ಮಲಗುವುದಕ್ಕೆ ಮುಂಚೆ ಅವರಲ್ಲಿ ಅನೇಕರು ಇನ್ನೊಂದು ಕೆಲಸ ಮಾಡುತ್ತಿದ್ದರು. ಓದುತ್ತಿದ್ದರು. ಮುಂಬಯಿಯಲ್ಲಿ ಕನ್ನಡಿಗರ ಸಂಘಗಳು ಹೋಟೆಲು ಹುಡುಗರಿಗಾಗಿಯೇ ರಾತ್ರಿಶಾಲೆಗಳನ್ನು ನಡೆಸಿದವು. ಹಗಲೆಲ್ಲ ಎಂಜಲು ತಟ್ಟೆ ಎತ್ತಿದ ಕೈಯಲ್ಲಿ ರಾತ್ರಿ ಸ್ಲೇಟು. ಅಲ್ಲಿ ಕನ್ನಡ ಕಲಿತು ಮೆಟ್ರಿಕ್ ಮುಗಿಸಿ ಬ್ಯಾಂಕು ಸೇರಿದವರು, ವಕೀಲರಾದವರು, ಸ್ವಂತ ಹೋಟೆಲು ಕಟ್ಟಿದವರು, ಕಥೆ ಕವಿತೆ ಬರೆದವರು ಇದ್ದಾರೆ. ಕನ್ನಡದ ಸೇವೆ ಎಂದು ನಾವು ದೊಡ್ಡ ವೇದಿಕೆಗಳ ಮೇಲೆ ಹೇಳುತ್ತೇವೆ. ನಿದ್ದೆ ತೂಗುವ ಹುಡುಗನೊಬ್ಬನನ್ನು ಎಬ್ಬಿಸಿ ಕೂರಿಸಿ ಅಕ್ಷರ ತಿದ್ದಿಸಿದ ಆ ರಾತ್ರಿಶಾಲೆಯ ಮೇಷ್ಟರ ಕೆಲಸದ ಮುಂದೆ ಅವೆಲ್ಲ ಎಷ್ಟರವು? ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದು ಎಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ನಮ್ಮ ಯೌವನದ ತಿಂಡಿಗಳೆಲ್ಲ ಅದಕ್ಕಿಂತ ಮುಂಚಿನವು. ಅವನ್ನು ನಮ್ಮೆದುರು ತಂದಿಟ್ಟ ಕೈಗಳು ಶಾಲೆಯಲ್ಲಿ ಇರಬೇಕಾಗಿದ್ದ ಕೈಗಳು.

ಬಡಿಸುವವರು ತಾವೇ ಮುಂದೆ ನಿಂತು ಸಂಸ್ಥೆಯನ್ನು ಉಳಿಸಿಕೊಂಡ ಕಥೆಯೂ ನಮ್ಮ ನಡುವೆ ಇದೆ, ಅದನ್ನು ಬಿಡಬಾರದು. ಕಾಫಿ ಮಂಡಳಿ ತಾನು ನಡೆಸುತ್ತಿದ್ದ ಕಾಫಿ ಹೌಸುಗಳನ್ನು 1950ರ ದಶಕದಲ್ಲಿ ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟಿನಲ್ಲಿ. ರುಮಾಲು ಸುತ್ತಿ, ಸೊಂಟಪಟ್ಟಿ ಕಟ್ಟಿ ಬಂದು ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ಕಾಫಿ ಇಡುತ್ತಿದ್ದ ಆತ ನಮ್ಮ ಸೇವಕನಾಗಿರಲಿಲ್ಲ, ಆ ಮನೆಯ ಒಡೆಯರಲ್ಲಿ ಒಬ್ಬನಾಗಿದ್ದ. ಮೈಸೂರಿನ ಕಾಫಿ ಹೌಸಿನಲ್ಲಿ ಗೋಪಾಲಕೃಷ್ಣ ಅಡಿಗರೂ ಅನಂತಮೂರ್ತಿಯವರೂ ಕೂತು ಹರಟಿದ್ದನ್ನು, ನವ್ಯ ಸಾಹಿತ್ಯದ ವಾಗ್ವಾದಗಳು ಅಲ್ಲಿ ನಡೆದದ್ದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅವರ ಮೇಜಿಗೆ ಕಾಫಿ ತಂದವರು ತಮ್ಮ ಪಾಡಿಗೆ ತಾವು ಸಮಾಜದ ಒಂದು ಹೊಸ ರೂಪವನ್ನೇ ಕಟ್ಟುತ್ತಿದ್ದರು ಎಂಬುದೂ ಅಷ್ಟೇ ಅಭಿಮಾನದ ಮಾತಲ್ಲವೇ?

ದುಡಿಮೆಯ ಮಾನ ಎಂದಾಗ ಎಂ.ಟಿ.ಆರ್. ನಡೆಸಿದ ಮಯ್ಯರನ್ನು ನೆನೆಯಬೇಕಾಗುತ್ತದೆ. ಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಕೊರತೆಯಿಂದ ಹುಟ್ಟಿದ್ದು ಇಂದು ಎಲ್ಲ ಹೋಟೆಲಿನ ಫಲಕದಲ್ಲಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ತುರ್ತು ಪರಿಸ್ಥಿತಿಯ ದಿನಗಳ ಅವರ ನಡೆ. ಸರ್ಕಾರ ತಿಂಡಿಯ ಬೆಲೆಯನ್ನು ತೀರ ಕೆಳಗೆ ಕಟ್ಟಿಹಾಕಿತು. ಆ ಬೆಲೆಗೆ ಸರಿಯಾಗಿ ತುಪ್ಪ ಇಳಿಸಬಹುದಿತ್ತು, ಅಳತೆ ಇಳಿಸಬಹುದಿತ್ತು. ಅವರು ಇಳಿಸಲಿಲ್ಲ. ದಿನದಿನದ ನಷ್ಟವನ್ನು ಫಲಕದಲ್ಲಿ ಬರೆದು ಹಾಕಿ ನಡೆಸಿದರು, ಸಾಧ್ಯವಾಗದಾದಾಗ ಬಾಗಿಲು ಮುಚ್ಚಿದರು, ಸಿದ್ಧಹಿಟ್ಟುಗಳ ಕಡೆಗೆ ತಿರುಗಿದರು. ಕಲಬೆರಕೆಗಿಂತ ಮುಚ್ಚಿದ ಬಾಗಿಲು ಮೇಲು ಎಂದು ನಿರ್ಧರಿಸುವ ವ್ಯಾಪಾರಿಯನ್ನು ನಾವು ಏನೆಂದು ಕರೆಯೋಣ? ಗ್ರಾಹಕರು ಅಡುಗೆಮನೆಯನ್ನು ಹಾಯ್ದು ಒಳಬರಲಿ, ಪಾತ್ರೆ ಹೇಗಿದೆ ಎಂದು ಕಣ್ಣಾರೆ ನೋಡಲಿ ಎಂದು ದಾರಿ ಮಾಡಿಕೊಟ್ಟವರೂ ಅವರೇ. ನಂಬಿಕೆ ಎಂಬುದನ್ನು ಬೆಳಕಿಗೆ ತೆರೆದಿಟ್ಟಾಗಲೇ ಅದು ನಂಬಿಕೆ.

ಕಾಲ ನಿಲ್ಲುವುದಿಲ್ಲ. ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸು 2009ರಲ್ಲಿ ಅಲ್ಲಿಂದ ಎದ್ದು ಚರ್ಚ್ ಸ್ಟ್ರೀಟಿಗೆ ಹೋಯಿತು. ಮಲ್ಲೇಶ್ವರದ ನ್ಯೂ ಕೃಷ್ಣ ಭವನ 2019ರ ಕೊನೆಗೆ ಮುಚ್ಚಿತು. ಆ ದಿನಗಳಲ್ಲಿ ಮೂರು ತಲೆಮಾರಿನವರು ಒಟ್ಟಾಗಿ ಬಂದು ಕಡೆಯ ಕಾಫಿ ಕುಡಿದು ಹೋದರು. ನೆಲದ ಬೆಲೆ ಏರಿದ ಮೇಲೆ ಅರ್ಧ ಲೋಟ ಕಾಫಿಗೆ ಒಂದು ಗಂಟೆಯ ಕುರ್ಚಿ ಕೊಡುವುದು ಯಾರಿಂದ ಸಾಧ್ಯ? 1980ರ ದಶಕದಲ್ಲಿ ಜಯನಗರದಿಂದ ಹಬ್ಬಿದ ದರ್ಶಿನಿಗಳು ಕುರ್ಚಿಯನ್ನೇ ತೆಗೆದುಹಾಕಿದವು. ಅದನ್ನು ನಮ್ಮಲ್ಲಿ ಕೆಲವರು ಅವನತಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಿಂತು ತಿನ್ನುವಾಗ ಕಾಲು ನೋಯುತ್ತದೆ, ಹರಟೆ ಮೊಟಕಾಗುತ್ತದೆ, ನಿಜ. ಆದರೆ ಪರದೆಯ ರೂಮಿಲ್ಲದ, ಒಳಗೋಡೆಯಿಲ್ಲದ, ಅಡುಗೆ ಎದುರಿಗೇ ಕಾಣುವ ಹೋಟೆಲು ಅದು. ಅಲ್ಲಿ ಎದೆಯೆತ್ತರದ ಒಂದು ಕಟ್ಟೆಯ ಸುತ್ತ ಆಟೋ ಓಡಿಸುವವರು, ಕಚೇರಿಯವರು, ಹೂ ಮಾರುವಾಕೆ ಎಲ್ಲರೂ ಭುಜ ತಾಗಿಸಿಕೊಂಡು ತಿನ್ನುತ್ತಾರೆ. ನಮ್ಮ ಯೌವನದ ಹೋಟೆಲು ಹೇಳಲು ಹೊರಟು ಅರ್ಧಕ್ಕೆ ನಿಲ್ಲಿಸಿದ್ದ ಮಾತನ್ನು ದರ್ಶಿನಿ ಮುಂದುವರಿಸಿತು.

ಅಲ್ಲಿಯೂ ಕಾಣದ ಮುಖಗಳಿವೆ. ಈಚೆಗೆ ನಮ್ಮ ಬಡಾವಣೆಯ ದರ್ಶಿನಿಯೊಂದರಲ್ಲಿ ದೋಸೆ ಹುಯ್ಯುತ್ತಿದ್ದ ಯುವಕನ ಊರು ಕೇಳಿದೆ. ಅಸ್ಸಾಂ ಎಂದ. ಹಿಟ್ಟು ಹದ ಮಾಡುವುದನ್ನು, ಕಾವಲಿಗೆ ನೀರು ಚಿಮುಕಿಸಿ ಕಾವು ನೋಡುವುದನ್ನು ಅವನಿಗೆ ಕಲಿಸಿದವರು ಕುಂದಾಪುರದ ಕಡೆಯ ಭಟ್ಟರಂತೆ. ನಿಮ್ಮ ಕಡೆ ಬೆಳಿಗ್ಗೆ ಏನು ತಿನ್ನುತ್ತೀರಪ್ಪ ಎಂದರೆ, ಅವಲಕ್ಕಿ, ಮೊಸರು, ಬೆಲ್ಲ ಎಂದ. ನಮ್ಮ ಮನೆಯಲ್ಲೂ ಅದೇ ಎಂದಾಗ ಅವನಿಗೆ ಆಶ್ಚರ್ಯವೂ ಸಂತೋಷವೂ ಆಯಿತು. ಇಂಥ ಹುಡುಗರು ಅಸ್ಸಾಮಿನಿಂದ, ಒಡಿಶಾದಿಂದ, ಬಿಹಾರದಿಂದ ಬಂದು ನಮ್ಮ ಊರಿನ ಬೆಳಗಿನ ತಿಂಡಿಯನ್ನು ಕೈಯಲ್ಲಿ ಹಿಡಿದಿದ್ದಾರೆ. ಚಟ್ನಿ, ಸಾಂಬಾರು, ಪಾರ್ಸೆಲ್, ಚಿಲ್ಲರೆ ಕೊಡಿ ಎಂಬಷ್ಟು ಕನ್ನಡ ತಾನಾಗಿಯೇ ಬಂದಿದೆ. ಅದರಿಂದ ಮುಂದಕ್ಕೆ ಕಲಿಸುವವರಿಲ್ಲ. ಬಸ್ಸಿನ ಫಲಕ ಓದಲಾರರು, ಆಸ್ಪತ್ರೆಯಲ್ಲಿ ತಮ್ಮ ನೋವು ಹೇಳಲಾರರು, ಸಂಬಳದ ಲೆಕ್ಕದಲ್ಲಿ ಏನು ಬರೆದಿದೆ ಎಂದು ತಿಳಿಯಲಾರರು.

ಮುಂಬಯಿಯಲ್ಲಿ ನಮ್ಮ ಮಕ್ಕಳಿಗೆ ಒದಗಿದ ರಾತ್ರಿಶಾಲೆಯನ್ನು ಬೆಂಗಳೂರಿನಲ್ಲಿ ಇವರಿಗೆ ಒದಗಿಸುವವರು ಯಾರು? ಹೋಟೆಲಿನಲ್ಲಿ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಗಿರಾಕಿ ಕಡಿಮೆ. ಹುಡುಗರು ಹಿಂಬಾಗಿಲ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿರುತ್ತಾರೆ. ಬ್ಯಾಂಕಿನಿಂದ, ಶಾಲೆಯಿಂದ, ಕಚೇರಿಯಿಂದ ನಿವೃತ್ತರಾದ ನಮ್ಮಂಥವರು ಅದೇ ಹೊತ್ತಿನಲ್ಲಿ ಮನೆಯಲ್ಲಿ ಕೂತು ಹಳೆಯ ಹೋಟೆಲುಗಳ ಬಗ್ಗೆ ಮಾತಾಡುತ್ತಿರುತ್ತೇವೆ. ಯಜಮಾನರನ್ನು ಕೇಳಿದರೆ ಒಂದು ಮೇಜು ಬಿಟ್ಟುಕೊಟ್ಟಾರು. ಒಂದು ಸ್ಲೇಟು, ಬಳಪ, ಅ ಆ ಇ ಈ ಬರೆದ ಒಂದು ಹಾಳೆ ಸಾಕು. ಮುಂದಿನ ಸೋಮವಾರದಿಂದಲೇ ಶುರು ಮಾಡಬಹುದು.